ಬೆಳಗಾದರೂ ಬಣ್ಣ ಒರೆಸದವರು

ಯಕ್ಷಗಾನದ ಚೌಕಿಯಲ್ಲಿ ಸ್ತ್ರೀವೇಷ ತಯಾರಾಗುವುದನ್ನು ನೋಡಬೇಕು. ಕಿರೀಟ ಕಟ್ಟುವ ವೇಷಗಳ ಗದ್ದಲ ಅಲ್ಲಿರುವುದಿಲ್ಲ. ನೆಲಕ್ಕೆ ಹಾಸಿದ ಚಾಪೆ, ಎದುರಿಗೆ ಅಂಗೈಯಗಲದ ಕನ್ನಡಿ, ಪಕ್ಕದಲ್ಲಿ ಬಣ್ಣದ ಪೆಟ್ಟಿಗೆ. ಮೀಸೆ ಬೋಳಿಸಿದ ಮುಖಕ್ಕೆ ಎಣ್ಣೆ ಸವರಿಕೊಂಡು, ಸಫೇದಾಕ್ಕೆ ಒಂದಿಷ್ಟು ಹಳದಿ, ಒಂದಿಷ್ಟು ಕೆಂಪು ಸೇರಿಸಿ ಕಲಾವಿದ ಅಂಗೈಯಲ್ಲೇ ಹದ ಮಾಡುತ್ತಾನೆ. ದವಡೆಯ ಗಡಸು ಮುಚ್ಚಬೇಕು, ಆದರೆ ಮುಖ ಸುಣ್ಣ ಹೊಡೆದ ಗೋಡೆಯಾಗಬಾರದು. ಗರತಿಯ ಹುಬ್ಬಿಗೂ ಶೃಂಗಾರದ ಹೆಣ್ಣಿನ ಹುಬ್ಬಿಗೂ ಫರಕು ಬೇಕು. ಕಸೆ ಕಟ್ಟಿ ಯುದ್ಧಕ್ಕೆ ಹೊರಡುವ ಪ್ರಮೀಳೆಯ ಗತ್ತೇ ಬೇರೆ. ದಮಯಂತಿಯನ್ನು ಕಂಡ ಕೂಡಲೇ ಈಕೆ ಒಳ್ಳೆಯವಳು ಎಂದೂ, ಮಾಯಾ ಶೂರ್ಪನಖಿಯನ್ನು ಕಂಡ ಕೂಡಲೇ ಈಕೆಯ ಬಗ್ಗೆ ಎಚ್ಚರ ಎಂದೂ ಪ್ರೇಕ್ಷಕನಿಗೆ ತಿಳಿಯಬೇಕು. ರೂಪವನ್ನೂ ಶೀಲವನ್ನೂ ಒಂದೇ ಕಡ್ಡಿಯಲ್ಲಿ ತೀಡುವ ಕೆಲಸ ಅದು.

ಈ ಕಲೆಯನ್ನು ನಾವು ತಲೆಯ ಮೇಲೆ ಹೊತ್ತು ಮೆರೆಸಿದವರು. ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷ ಕಂಡವರು ಆ ಮಾತು ತೆಗೆದರೆ ನಿಲ್ಲಿಸುವುದಿಲ್ಲ. ಮಂಟಪ ಪ್ರಭಾಕರ ಉಪಾಧ್ಯರು ಶತಾವಧಾನಿ ಆರ್. ಗಣೇಶರ ಜೊತೆಗೂಡಿ ಏಕವ್ಯಕ್ತಿ ಯಕ್ಷಗಾನ ಕಟ್ಟಿದಾಗ ಇಡೀ ರಂಗಸ್ಥಳವನ್ನು ಒಬ್ಬಳೇ ಹೆಣ್ಣಾಗಿ ತುಂಬಿದರು. ಮರಾಠಿ ರಂಗಭೂಮಿಯ ಬಾಲಗಂಧರ್ವರು ಸೀರೆ ಉಟ್ಟ ರೀತಿ, ಹೂ ಮುಡಿದ ರೀತಿ ನೋಡಿಕೊಂಡು ಮನೆತನಸ್ಥ ಹೆಂಗಸರು ತಮ್ಮ ಉಡುಗೆ ಬದಲಿಸಿಕೊಂಡರು. ಹೆಣ್ಣು ಹೇಗೆ ಕಂಡರೆ ಚೆಂದ ಎಂಬುದನ್ನು ಒಂದು ಕಾಲದ ಹೆಂಗಸರು ಒಬ್ಬ ಗಂಡಸಿನಿಂದ ಕಲಿತರು. ಯಾರಿಗೂ ಅದರಲ್ಲಿ ಅನೀತಿ ಕಾಣಲಿಲ್ಲ.

ಆಟ ಮುಗಿಯುತ್ತದೆ. ಕೊಬ್ಬರಿ ಎಣ್ಣೆ ತಿಕ್ಕಿ ಬಣ್ಣ ಒರೆಸಿ, ಲುಂಗಿ ಉಟ್ಟು, ಕಲಾವಿದ ಬೆಳಗಿನ ಬಸ್ಸು ಹಿಡಿಯುತ್ತಾನೆ. ಸ್ತ್ರೀವೇಷ ಕಟ್ಟುವವರಲ್ಲಿ ಬಹುಪಾಲು ಮಂದಿಗೆ ಅದು ಕಸುಬು. ಹೆಂಡತಿ ಮಕ್ಕಳೊಂದಿಗೆ ನಮ್ಮ ನಿಮ್ಮಂತೆ ಬಾಳುವವರು. ಅವರ ಬಗ್ಗೆ ಬೇರೇನನ್ನೂ ಊಹಿಸಬೇಕಾಗಿಲ್ಲ. ನನ್ನ ಮಾತು ಪ್ರೇಕ್ಷಕರದು. ಹೆಣ್ಣಾಗಿ ಕಾಣುವ ಗಂಡು ದೇಹ ನಮಗೆ ಅಸಹ್ಯವಲ್ಲ, ಅಸಹಜವೂ ಅಲ್ಲ, ದುಡ್ಡು ಕೊಟ್ಟು ರಾತ್ರಿಯಿಡೀ ನೋಡುವಷ್ಟು ಇಷ್ಟ. ಬೆಳಗಾದ ಮೇಲೂ ಯಾರಾದರೂ ಆ ಸೀರೆ ಬಿಚ್ಚದಿದ್ದರೆ ಮಾತ್ರ ನಮಗೆ ನೀತಿ ನೆನಪಾಗುತ್ತದೆ. ಸೀರೆ ಬಿಚ್ಚದವರನ್ನು ಕೇಳಿದರೆ, ಅಷ್ಟು ವರ್ಷ ತೊಟ್ಟಿದ್ದ ಪ್ಯಾಂಟು ಶರಟೇ ನಿಜವಾದ ವೇಷ ಅನ್ನುತ್ತಾರೆ.

ಮಹಾಭಾರತದಲ್ಲೇ ಈ ಎರಡೂ ಬಗೆಯವರಿದ್ದಾರೆ. ಬೃಹನ್ನಳೆಯಾಗಿ ಅರ್ಜುನ ಒಂದು ವರ್ಷ ಬಳೆ ತೊಟ್ಟ, ಜಡೆ ಬಿಟ್ಟ, ಅಂತಃಪುರದಲ್ಲಿ ಉತ್ತರೆಗೆ ನಾಟ್ಯ ಕಲಿಸಿದ. ಅವಧಿ ಮುಗಿದದ್ದೇ ಗಾಂಡೀವ ಎತ್ತಿಕೊಂಡ. ಅವನ ಪೌರುಷಕ್ಕೆ ಕೂದಲೆಳೆಯಷ್ಟೂ ಕುಂದು ಬರಲಿಲ್ಲ. ಆ ಪ್ರಸಂಗ ನಮಗೆ ಇಂದಿಗೂ ವಿನೋದ. ಶಿಖಂಡಿಯ ಕಥೆ ಹಾಗಲ್ಲ. ದ್ರುಪದನ ಮಗಳಾಗಿ ಹುಟ್ಟಿ, ಮಗನೆಂದು ಬೆಳೆದು, ದಶಾರ್ಣದ ರಾಜ ಹಿರಣ್ಯವರ್ಮನ ಮಗಳನ್ನು ಮದುವೆಯಾದ. ಗುಟ್ಟು ರಟ್ಟಾದಾಗ ಮಾವ ಸೈನ್ಯ ಸಮೇತ ಬಂದ. ಕಾಡಿಗೆ ಹೋಗಿ ಪ್ರಾಣ ಬಿಡಲು ಹೊರಟ ಶಿಖಂಡಿಗೆ ಸ್ಥೂಣಾಕರ್ಣ ಎಂಬ ಯಕ್ಷ ತನ್ನ ಗಂಡುತನವನ್ನು ಎರವಲು ಕೊಟ್ಟ. ಇಷ್ಟಾದ ಮೇಲೂ ಮಾವನಿಗೆ ನಂಬಿಕೆಯಿಲ್ಲ. ಶಿಖಂಡಿ ಗಂಡೋ ಹೆಣ್ಣೋ ಪರೀಕ್ಷಿಸಿ ಬನ್ನಿ ಎಂದು ಚೆಲುವೆಯರನ್ನು ಆರಿಸಿ ಕಳಿಸಿದ. ಪರೀಕ್ಷೆಯಲ್ಲಿ ಶಿಖಂಡಿ ಪಾಸಾದ, ಮಾವ ಆನೆ ಕುದುರೆ ಉಡುಗೊರೆ ಕೊಟ್ಟು ಹೋದ. ಆದರೆ ಭೀಷ್ಮರ ಲೆಕ್ಕದಲ್ಲಿ ಆ ಪರೀಕ್ಷೆಗೆ ಕಿಲುಬು ಕಾಸಿನ ಬೆಲೆಯಿಲ್ಲ. ಒಮ್ಮೆ ಹೆಣ್ಣಾಗಿದ್ದವರ ಮೇಲೆ ನಾನು ಬಾಣ ಬಿಡುವುದಿಲ್ಲ ಎಂದರು. ಭೀಷ್ಮರ ಆ ಮಾತನ್ನು ನಾವು ಧರ್ಮನಿಷ್ಠೆ ಎಂದು ಓದುತ್ತೇವೆ. ಶಿಖಂಡಿಯ ಕಡೆಯಿಂದ ಓದಿದರೆ, ಏನು ಮಾಡಿದರೂ ನಿನ್ನನ್ನು ನೀನು ಹೇಳಿಕೊಂಡಂತೆ ಒಪ್ಪುವುದಿಲ್ಲ ಎಂಬ ಹಟ ಅದು. ಬೃಹನ್ನಳೆಗೆ ಸಿಕ್ಕ ಮರ್ಯಾದೆ ಶಿಖಂಡಿಗೆ ಸಿಗಲಿಲ್ಲ. ನಮ್ಮ ಬೈಗುಳದ ಪಟ್ಟಿಯಲ್ಲಿ ಯಾರ ಹೆಸರಿದೆ ಎಂದು ನೋಡಿದರೆ ಸಾಕು.

ಬ್ರಿಟಿಷರು ಬಂದ ಮೇಲೆ ಈ ಹಟಕ್ಕೆ ಕಾಯ್ದೆಯ ಬಲ ಬಂತು. 1871ರ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ಅಲೆಮಾರಿ ಸಮುದಾಯಗಳನ್ನು ಹುಟ್ಟಾ ಅಪರಾಧಿಗಳೆಂದು ಕರೆದದ್ದು ಬಹಳ ಜನಕ್ಕೆ ಗೊತ್ತು. ಅದರ ಎರಡನೇ ಭಾಗ ಹಿಜಡಾಗಳ ಕುರಿತದ್ದು ಎಂಬುದು ಅಷ್ಟಾಗಿ ಗೊತ್ತಿಲ್ಲ. ಅನುಮಾನ ಬಂದವರ ಹೆಸರು, ವಿಳಾಸ ಪೊಲೀಸರ ದಫ್ತರಕ್ಕೆ ಏರುತ್ತಿತ್ತು. ಹಾಗೆ ಏರಿದವರು ಹೆಣ್ಣಿನಂತೆ ಬಟ್ಟೆ ತೊಟ್ಟು ಅಥವಾ ಒಡವೆ ಇಟ್ಟುಕೊಂಡು ಬೀದಿಯಲ್ಲಿ ಕಾಣಿಸಿಕೊಂಡರೆ, ಬೀದಿಗೆ ಕಾಣಲೆಂದೇ ಬೇರೆಲ್ಲಾದರೂ ನಿಂತರೆ, ಕುಣಿದರೆ, ವಾದ್ಯ ನುಡಿಸಿದರೆ, ವಾರಂಟಿಲ್ಲದೆ ಹಿಡಿಯಬಹುದು. ಎರಡು ವರ್ಷದವರೆಗೆ ಜೈಲಿಗೆ ಹಾಕಬಹುದು. ಕಳವಿಗಲ್ಲ, ಹೊಡೆದಾಟಕ್ಕಲ್ಲ, ಓಲೆಗೆ ಮತ್ತು ಕಾಲ್ಗೆಜ್ಜೆಗೆ ಶಿಕ್ಷೆ. ಚೆಂದ ಕಾಣಬೇಕೆಂಬ ಆಸೆಯನ್ನೇ ಅಪರಾಧ ಮಾಡಿದ ಕಾನೂನನ್ನು ನಾನು ಬೇರೆಲ್ಲೂ ಓದಿಲ್ಲ. ಮೊದಲು ಉತ್ತರದ ಪ್ರಾಂತ್ಯಗಳಲ್ಲಿ ಜಾರಿಯಾದ ಇದರ ಪಡಿಯಚ್ಚಿನಂಥದ್ದನ್ನು ನಿಜಾಮರ ಹೈದರಾಬಾದೂ ಮಾಡಿಕೊಂಡಿತು. ಅದನ್ನು ತೆಲಂಗಾಣ ಹೈಕೋರ್ಟ್ ರದ್ದು ಮಾಡಿದ್ದು 2023ರಲ್ಲಿ. ನಗುವಂತಿಲ್ಲ, ಯಾಕೆಂದರೆ 2011ರಲ್ಲಿ, ಸ್ವಾತಂತ್ರ್ಯ ಬಂದು ಅರವತ್ತನಾಲ್ಕು ವರ್ಷವಾದ ಮೇಲೆ, ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿ, ಹೀಗೆಯೇ ಹೆಸರು ವಿಳಾಸಗಳ ದಫ್ತರ ಇಡಲು ಅವಕಾಶ ಮಾಡಿಕೊಡಲಾಯಿತು. ಸಮುದಾಯದವರು ಹೈಕೋರ್ಟ್ ಮೆಟ್ಟಿಲು ಹತ್ತಿದರು. ಆಮೇಲೆ ಸರ್ಕಾರ ಆ ಕಲಮಿನ ಮಾತು ಬದಲಿಸಿತು.

ಇಂಗ್ಲೆಂಡಿನ ಒಂದು ಮೊಕದ್ದಮೆಯನ್ನು ಇಲ್ಲಿ ನೆನೆಯಲೇಬೇಕು. ಅದು ದೂರದ ಕಥೆ ಅಲ್ಲ, ನಮ್ಮ ಸುಪ್ರೀಂ ಕೋರ್ಟಿನ ತೀರ್ಪಿನೊಳಗೆ ಬಂದು ಕೂತಿದೆ. ಏಪ್ರಿಲ್ ಆ್ಯಶ್ಲಿ ಲಿವರ್‌ಪೂಲಿನ ಬಡ ಕುಟುಂಬದಲ್ಲಿ ಗಂಡಾಗಿ 1935ರಲ್ಲಿ ಹುಟ್ಟಿದವರು. ಹಡಗಿನಲ್ಲಿ ದುಡಿದು, ಪ್ಯಾರಿಸಿನ ನೈಟ್‌ಕ್ಲಬ್ಬಿನಲ್ಲಿ ಕುಣಿದು, ಹಣ ಕೂಡಿಟ್ಟು, 1960ರಲ್ಲಿ ಮೊರಾಕ್ಕೊದ ಕ್ಯಾಸಾಬ್ಲಾಂಕಾದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಲಂಡನ್ನಿಗೆ ಬಂದು ರೂಪದರ್ಶಿಯಾದರು. ಎತ್ತರದ ನಿಲುವು, ಅಗಲ ಕಣ್ಣು. ದೊಡ್ಡ ದೊಡ್ಡ ಫ್ಯಾಷನ್ ಪತ್ರಿಕೆಗಳಲ್ಲಿ ಅವರ ಚಿತ್ರ. 1961ರಲ್ಲಿ ಪತ್ರಿಕೆಯೊಂದು ಅವರ ಹಿಂದಿನ ಬದುಕನ್ನು ಬಯಲಿಗೆಳೆಯಿತು, ಕೆಲಸ ರಾತ್ರೋರಾತ್ರಿ ನಿಂತಿತು. ಎಲ್ಲ ತಿಳಿದೇ ಆರ್ಥರ್ ಕಾರ್ಬೆಟ್ ಎಂಬ ಸಿರಿವಂತ 1963ರಲ್ಲಿ ಅವರನ್ನು ಮದುವೆಯಾದ. ಮನಸ್ಸು ಮುರಿದಾಗ, ಇವಳು ಹೆಣ್ಣೇ ಅಲ್ಲ, ಆದ್ದರಿಂದ ಈ ಮದುವೆ ಮದುವೆಯೇ ಅಲ್ಲ ಎಂದು ಕೋರ್ಟಿಗೆ ಹೋದ.

ತೀರ್ಪು 1970ರಲ್ಲಿ ಬಂತು. ನ್ಯಾಯಮೂರ್ತಿ ಓರ್ಮ್‌ರಾಡ್ ಸ್ವತಃ ವೈದ್ಯಕೀಯ ಓದಿದವರು. ವರ್ಣತಂತು, ಗ್ರಂಥಿ, ಜನನಾಂಗ: ಹುಟ್ಟಿನಲ್ಲಿ ಈ ಮೂರೂ ಏನು ಹೇಳುತ್ತವೋ ಅದೇ ಕೊನೆ, ಆಮೇಲೆ ಯಾವ ಚಿಕಿತ್ಸೆಯೂ ಅದನ್ನು ಬದಲಿಸಲಾರದು ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ವೈದ್ಯರೊಬ್ಬರ ಅಭಿಪ್ರಾಯ ಎಂದು ಬಿಡಬಹುದಿತ್ತು. ಅವರು ಆಕೆಯ ಚೆಲುವಿಗೂ ತೀರ್ಪು ಕೊಟ್ಟರು. ಮೊದಲ ನೋಟಕ್ಕೆ ಹೆಣ್ಣೆಂದೇ ನಂಬಿಕೆ ಬರುತ್ತದೆ, ಆದರೆ ಹೆಚ್ಚು ಹೊತ್ತು ನೋಡುತ್ತ ಹೋದಂತೆ ದನಿ, ಹಾವಭಾವ ಎಲ್ಲವೂ ಪಳಗಿದ ಸ್ತ್ರೀಪಾತ್ರಧಾರಿಯದಂತೆ ಅನಿಸುತ್ತದೆ ಎಂಬರ್ಥದ ಮಾತು ಆ ತೀರ್ಪಿನಲ್ಲಿದೆ. ನಮ್ಮಲ್ಲಿ ಶಾಲು ಹೊದಿಸಿ ಸನ್ಮಾನ ಮಾಡುವ ಮಾತನ್ನು ಅಲ್ಲಿ ಒಬ್ಬಳ ಬದುಕು ಅಳಿಸಲು ಬಳಸಿದರು.

ಚೆಲುವಿನ ಈ ಇಕ್ಕಟ್ಟನ್ನು ಲಿಂಗತ್ವ ಅಲ್ಪಸಂಖ್ಯಾತರಷ್ಟು ಕಂಡವರಿಲ್ಲ. ಗಡ್ಡದ ನೆರಳು ಕಂಡರೆ, ದನಿ ದಪ್ಪವಿದ್ದರೆ ಸೀರೆ ಉಟ್ಟ ಗಂಡಸು ಎನ್ನುತ್ತೇವೆ. ಏನೂ ಗೊತ್ತಾಗದಷ್ಟು ಅಂದವಾಗಿದ್ದರೆ ಜನರಿಗೆ ಮೋಸ ಮಾಡುವವಳು ಎನ್ನುತ್ತೇವೆ. ‘ಅಯ್ಯೋ, ನೋಡಿದರೆ ಗೊತ್ತೇ ಆಗಲ್ಲ’ ಎಂಬುದು ನಾವು ಬಾಯ್ತುಂಬ ಕೊಡುವ ಹೊಗಳಿಕೆ. ನೀನು ನೀನೆಂದು ಗೊತ್ತಾಗದಿರುವುದೇ ನಿನ್ನ ಹೆಚ್ಚುಗಾರಿಕೆ ಎಂದು ಅದರರ್ಥ. ಲೇಸರ್, ಹಾರ್ಮೋನು, ಶಸ್ತ್ರಚಿಕಿತ್ಸೆ ಎಲ್ಲಕ್ಕೂ ದುಡ್ಡು ಬೇಕು. ದುಡ್ಡಿದ್ದವರು ನೋಡುಗರ ಕಣ್ಣಿಗೆ ಹಿತವಾಗುತ್ತಾರೆ, ಕಣ್ಣಿಗೆ ಹಿತವಾದವರಿಗೆ ಬಾಡಿಗೆ ಮನೆ ಸಿಗುತ್ತದೆ. ಸಿಗ್ನಲ್ಲಿನಲ್ಲಿ ಬಿಸಿಲಿಗೆ ಕಂದಿ ಕೈಚಾಚುವವರಿಗೆ ಆ ಭಾಗ್ಯವಿಲ್ಲ. ಹಾಗಾಗಿ, ಟ್ರಾನ್ಸ್‌ಜೆಂಡರ್ ಸೌಂದರ್ಯ ಸ್ಪರ್ಧೆಯ ಚಿತ್ರಗಳು ಪತ್ರಿಕೆಯಲ್ಲಿ ಬಂದಾಗ ನನಗೆ ಖುಷಿಯ ಜೊತೆ ಸಣ್ಣ ಕಸಿವಿಸಿಯೂ ಆಗುತ್ತದೆ. ಗೆದ್ದವರ ಬಗ್ಗೆ ತಕರಾರಿಲ್ಲ. ಸುಂದರವಾಗಿದ್ದರೆ ಮಾತ್ರ ಮನುಷ್ಯರೆಂದು ಒಪ್ಪುವ ನಮ್ಮ ಚಾಳಿಯ ಬಗ್ಗೆ ಇದೆ.

2015ರಲ್ಲಿ ತೆರೆಕಂಡ ‘ನಾನು ಅವನಲ್ಲ... ಅವಳು’ ಚಿತ್ರ ತಮಿಳಿನ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯಿಂದ ಬಂದದ್ದು. ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ಆ ಚಿತ್ರಕ್ಕೆ ಎರಡು ರಾಷ್ಟ್ರಪ್ರಶಸ್ತಿ ಬಂತು: ನಟನೆಗೆ ಸಂಚಾರಿ ವಿಜಯ್ ಅವರಿಗೊಂದು, ಪ್ರಸಾಧನಕ್ಕೊಂದು. ವಿಜಯ್ ಅವರ ಅಭಿನಯಕ್ಕೆ ಎರಡು ಮಾತಿಲ್ಲ. ಆದರೂ ಅಂಥ ಪಾತ್ರಕ್ಕೆ ಅಂಥ ಬದುಕು ಬದುಕಿದವರನ್ನೇ ಕರೆಯುವ ಧೈರ್ಯ ನಮ್ಮ ಸಿನಿಮಾಕ್ಕೆ ಯಾವತ್ತು ಬಂದೀತು ಎಂಬುದು ಬಾಕಿ ಉಳಿದ ಪ್ರಶ್ನೆ.

ಆಯ್ಕೆಯ ಮಾತಿಗೆ ಬರೋಣ. ಲಿಂಗವನ್ನೂ ಆರಿಸಿಕೊಳ್ಳುವ ಕಾಲ ಬಂತಲ್ಲ ಎಂದು ಹಿರಿಯರು ಗೊಣಗುವುದುಂಟು. ಹುಲಿಗಿಯ ಹುಲಿಗೆಮ್ಮನ ಗುಡಿಯ ಮುಂದೆ, ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಸಿಗುವ ಜೋಗಪ್ಪಗಳನ್ನು ಕೇಳಿದರೆ ಆರಿಸಿಕೊಂಡೆ ಎಂದು ಒಬ್ಬರೂ ಹೇಳುವುದಿಲ್ಲ. ಅಮ್ಮ ಹಿಡಿದಳು, ಬಿಡಲಿಲ್ಲ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಅಕ್ಕನ ಲಂಗ ಉಟ್ಟದ್ದು, ಅದಕ್ಕೆ ಅಣ್ಣ ಕಂಬಕ್ಕೆ ಕಟ್ಟಿ ಹೊಡೆದದ್ದು, ಮಂತ್ರ ಹಾಕಿಸಿದ್ದು, ಡಾಕ್ಟರಿಗೆ ತೋರಿಸಿದ್ದು, ಕೊನೆಗೆ ಮನೆಯವರೇ ಸೋತು ದೇವಿಗೆ ಬಿಟ್ಟದ್ದು: ಇಂಥ ಕಥೆಗಳು ಅಲ್ಲಿ ಹೆಜ್ಜೆಗೊಂದು. ಉಡಿದಾರ ಹರಿದು, ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮುತ್ತು ಕಟ್ಟಿದರೆ ಆಯಿತು. ನಿನ್ನೆಯವರೆಗೆ ಮನೆ ಮಾನ ಕಳೆದ ಮಗ ಇಂದಿನಿಂದ ಮನೆ ಬಾಗಿಲಿಗೆ ಬಂದರೆ ಅಕ್ಕಿ ಕಾಳು ನೀಡಿ ಕಾಲಿಗೆ ಬೀಳಬೇಕಾದ ಜೋಗಪ್ಪ. ದೇವರ ರುಜು ಬಿದ್ದರೆ ಸಮಾಜಕ್ಕೆ ಇದೇ ಸೀರೆ ಪವಿತ್ರ. ಆದರೆ ಆ ಪಾವಿತ್ರ್ಯ ಹೊಟ್ಟೆ ತುಂಬಿಸುವುದಿಲ್ಲ, ಮನೆಯೊಳಗೆ ಜಾಗವನ್ನೂ ಕೊಡುವುದಿಲ್ಲ. ಅದೊಂದು ಮರ್ಯಾದಸ್ಥ ಗಡಿಪಾರು ಎಂದು ನನಗನಿಸುತ್ತದೆ.

ಮಂಜಮ್ಮ ಜೋಗತಿ ಈ ದಾರಿಯಲ್ಲೇ ನಡೆದು ಬಂದವರು. ಬಳ್ಳಾರಿ ಜಿಲ್ಲೆಯಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿ, ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡು, ವಿಷ ಕುಡಿದು ಬದುಕುಳಿದು, ಭಿಕ್ಷೆ ಬೇಡಿ, ಕಾಳವ್ವ ಜೋಗತಿಯವರ ಬಳಿ ಕೊಡ ಹೊತ್ತು ಕುಣಿಯುವುದನ್ನು ಕಲಿತರು. ತಲೆಯ ಮೇಲಿನ ಕೊಡ ಮುಟ್ಟದೆ, ಚೌಡಿಕೆಯ ಲಯಕ್ಕೆ ಮೈ ಬಾಗಿಸುವ ಆ ಕುಣಿತದಲ್ಲಿ ಚೆಲುವು ಇರುವುದು ಮೈಬಣ್ಣದಲ್ಲಲ್ಲ, ಕತ್ತಿನ ಸಮತೋಲದಲ್ಲಿ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ರಾಮನಾಥ ಕೋವಿಂದರ ಎದುರು ನಿಂತಾಗ, ಸೆರಗು ಹಿಡಿದು ಅವರ ದೃಷ್ಟಿ ತೆಗೆದರು. ಆ ವಿಡಿಯೊ ದೇಶವೆಲ್ಲ ಹರಿದಾಡಿತು. ಪ್ರೋಟೊಕಾಲಿನ ಆ ಬಿಗಿ ಸಭಾಂಗಣದಲ್ಲಿ ಮನೆಯ ಹಿರಿ ಹೆಂಗಸು ಮಾಡುವ ಕೆಲಸವನ್ನು ಅವರು ಮಾಡಿದರು. ನಾನು ಹೆಣ್ಣು ಎಂದು ಯಾರಿಗೂ ವಾದಿಸಿ ಹೇಳಲಿಲ್ಲ.

ಆಯ್ಕೆಯೋ ಹುಟ್ಟೋ ಎಂಬ ಜಗ್ಗಾಟದಲ್ಲಿ ಒಂದು ಲೆಕ್ಕಾಚಾರ ಅಡಗಿದೆ. ಹುಟ್ಟಿನಿಂದ ಬಂದದ್ದಾದರೆ ಕನಿಕರ, ತಾನಾಗಿ ಆರಿಸಿಕೊಂಡದ್ದಾದರೆ ಪಾಪ. ಅದಕ್ಕೇ ಸಮುದಾಯದವರೂ ನಾವು ಹುಟ್ಟಿದ್ದೇ ಹೀಗೆ ಎಂದು ಮತ್ತೆ ಮತ್ತೆ ಹೇಳಬೇಕಾಗಿದೆ. ಅವರು ಹೇಳುವುದು ಅವರ ಅನುಭವ, ನಂಬುತ್ತೇನೆ. ಆದರೆ ವಾದಕ್ಕೆಂದೇ ಅದು ಆಯ್ಕೆ ಎಂದಿಟ್ಟುಕೊಳ್ಳಿ. ಆಗ ಆಕಾಶ ಕಳಚಿ ಬೀಳುವುದೇ? ಸನ್ಯಾಸ ತೆಗೆದುಕೊಳ್ಳುವವನು ಹೆತ್ತವರಿಟ್ಟ ಹೆಸರು ಬಿಡುತ್ತಾನೆ, ಬಟ್ಟೆಯ ಬಣ್ಣ ಬದಲಿಸುತ್ತಾನೆ, ವಂಶ ಮುಂದುವರಿಸುವ ಹೊಣೆ ಕಳಚುತ್ತಾನೆ, ಬದುಕಿದ್ದಾಗಲೇ ತನ್ನ ಶ್ರಾದ್ಧ ತಾನೇ ಮಾಡಿಕೊಳ್ಳುತ್ತಾನೆ. ಅದು ಶುದ್ಧಾಂಗ ಆಯ್ಕೆ. ಅವನ ಹೆತ್ತತಾಯಿಯೂ ಅತ್ತಿರುತ್ತಾಳೆ. ಆದರೂ ನಾವು ಸಾಲುಗಟ್ಟಿ ಪಾದ ಮುಟ್ಟುತ್ತೇವೆ. ಹುಟ್ಟು ಕೊಟ್ಟ ಗುರುತನ್ನು ಬದಲಿಸುವುದು ತಪ್ಪು ಎಂಬ ನೀತಿ ನಮ್ಮಲ್ಲಿ ಇಲ್ಲವೇ ಇಲ್ಲ. ಯಾವುದನ್ನು ಬದಲಿಸಬಹುದು ಎಂಬುದರಲ್ಲಿ ಮಾತ್ರ ನಾವು ಭಾರಿ ಕಟ್ಟುನಿಟ್ಟು.

ಗಂಡಾಗಿ ಬಾಳಬಯಸುವವರ ಪಾಡು ಇನ್ನೊಂದು ತೆರ. ಹತ್ತು ವರ್ಷದ ಹುಡುಗಿ ಕ್ರಾಪು ಮಾಡಿಸಿಕೊಂಡು ಮರ ಹತ್ತಿದರೆ ಅಪ್ಪನಿಗೆ ಹೆಮ್ಮೆ, ನನ್ನ ಮಗಳಲ್ಲ, ಮಗ ಎನ್ನುತ್ತಾನೆ. ಹದಿನಾರಕ್ಕೆ ಅವಳು ಅದೇ ಮಾತು ಹೇಳಿದರೆ ಗಂಡುಬೀರಿ. ಅವರಿಗೆ ಜೋಗಪ್ಪಗಳಿಗಿರುವಂಥ ಗುಡಿ ಇಲ್ಲ, ಹಿಜಡಾ ಜಮಾತಿನಂಥ ಮನೆ ಇಲ್ಲ, ಪುರಾಣದಲ್ಲಿ ಶಿಖಂಡಿ ಬಿಟ್ಟರೆ ಹೇಳಿಕೊಳ್ಳುವ ಹೆಸರಿಲ್ಲ. ಮದುವೆ ಎಂಬ ಮದ್ದು ಮಾತ್ರ ಎಲ್ಲರೂ ಸೂಚಿಸುತ್ತಾರೆ.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಪೀಠ, ಲಿಂಗತ್ವ ಅಲ್ಪಸಂಖ್ಯಾತರ ಹಕ್ಕಿನ ಕುರಿತ ನಾಲ್ಸಾ ಪ್ರಕರಣದ ತೀರ್ಪು ಕೊಟ್ಟಿತು. ಕಾರ್ಬೆಟ್ ಪ್ರಕರಣದ ದೇಹಪರೀಕ್ಷೆಯನ್ನು ಹೆಸರು ಹಿಡಿದೇ ತಳ್ಳಿಹಾಕಿ, ಮನಸ್ಸು ಏನು ಹೇಳುತ್ತದೋ ಅದೇ ಮುಖ್ಯ ಎಂದಿತು. ತೊಡುವ ಬಟ್ಟೆ, ಆಡುವ ಮಾತು, ನಡೆನುಡಿಯ ಮೂಲಕ ತನ್ನ ಲಿಂಗತ್ವವನ್ನು ತೋರಿಸಿಕೊಳ್ಳುವುದು ಸಂವಿಧಾನದ 19ನೇ ವಿಧಿ ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯ ಎಂದಿತು. 1871ರಲ್ಲಿ ಜೈಲಿಗೆ ಕಳಿಸುತ್ತಿದ್ದ ಓಲೆ, ಗೆಜ್ಜೆ 2014ರಲ್ಲಿ ಮೂಲಭೂತ ಹಕ್ಕಾದವು. ಈ ತೀರ್ಪು ಓದಿದಾಗ ನನಗೆ ಅತಿ ಹಿಡಿಸಿದ್ದು ಈ ಭಾಗ. ಇಷ್ಟಾಗಿಯೂ, 2019ರಲ್ಲಿ ಸಂಸತ್ತು ಈ ಸಮುದಾಯದ ಹಕ್ಕುಗಳಿಗೆಂದು ಕಾಯ್ದೆ ಮಾಡಿದಾಗ ಒಂದು ಕಲಮಿನಲ್ಲಿ ಸ್ವಂತ ಅರಿವಿನ ಲಿಂಗತ್ವಕ್ಕೆ ಹಕ್ಕಿದೆ ಎಂದು ಬರೆದು, ಮುಂದಿನ ಕಲಮುಗಳಲ್ಲಿ ಜಿಲ್ಲಾಧಿಕಾರಿಯ ಪ್ರಮಾಣಪತ್ರ ತನ್ನಿ ಎಂದಿತು. ಗಂಡು ಅಥವಾ ಹೆಣ್ಣು ಎಂದೇ ದಾಖಲಾಗಬೇಕಿದ್ದರೆ ಶಸ್ತ್ರಚಿಕಿತ್ಸೆ ಆಗಿದೆ ಎಂಬ ವೈದ್ಯಾಧಿಕಾರಿಯ ಪತ್ರವೂ ಬೇಕೆಂದಿತು. ಹಿರಣ್ಯವರ್ಮ ಕಳಿಸಿದ ಚೆಲುವೆಯರ ಜಾಗಕ್ಕೆ ಅರ್ಜಿ ನಮೂನೆ ಬಂದಂತಾಯಿತು.

ಸ್ತ್ರೀವಾದಿ ಗೆಳತಿಯರು ಎತ್ತುವ ಆಕ್ಷೇಪವೊಂದಿದೆ, ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಬಳೆ, ಕುಂಕುಮ, ಸೆರಗು, ನಾಚಿಕೆ ಇವುಗಳಿಂದ ಬಿಡಿಸಿಕೊಳ್ಳಲು ನಾವು ಇಷ್ಟು ವರ್ಷ ಒದ್ದಾಡಿದೆವು, ಇವರು ಅದನ್ನೇ ಹೆಣ್ತನ ಎಂದು ಎತ್ತಿ ಹಿಡಿಯುತ್ತಾರಲ್ಲ ಎಂದು ಅವರು ಕೇಳುತ್ತಾರೆ. ಕೇಳಬೇಕಾದ್ದೇ. ಆದರೆ ಹಣೆಗಿಡದೆ, ಜೀನ್ಸ್ ತೊಟ್ಟು, ಕೂದಲು ಕತ್ತರಿಸಿ ಹೊರಟ ಹೆಣ್ಣನ್ನು ಊರು ಬೈದೀತು, ಹೆಣ್ಣೇ ಅಲ್ಲ ಎನ್ನುವುದಿಲ್ಲ. ಟ್ರಾನ್ಸ್ ಮಹಿಳೆಗೆ ಆ ಸಲೀಸು ಇಲ್ಲ. ಒಂದು ದಿನ ಬಿಂದಿ ಮರೆತರೂ ಬಸ್ಸಿನ ಕಂಡಕ್ಟರ್ ‘ಏನಪ್ಪ’ ಎಂದಾನು. ಆಕೆ ಹೊತ್ತಿರುವ ಅಲಂಕಾರದಲ್ಲಿ ಒಂದು ಪಾಲು ಆಸೆಯದು, ಇನ್ನೊಂದು ಪಾಲು ನಾವು ವಸೂಲು ಮಾಡುವ ತೆರಿಗೆ. ಎರಡನ್ನೂ ಬೇರೆ ಮಾಡುವುದು ಆಕೆಗೂ ಸುಲಭವಲ್ಲ.

2011ರ ಜನಗಣತಿಯಲ್ಲಿ ಗಂಡೂ ಅಲ್ಲದ ಹೆಣ್ಣೂ ಅಲ್ಲದ ‘ಇತರೆ’ ಅಂಕಣದಲ್ಲಿ ಕರ್ನಾಟಕದವರು 20,266. ಬರೆಸಲು ಅಂಜಿದವರು ಇದರಲ್ಲಿ ಸೇರಿಲ್ಲ. 2021ರಲ್ಲಿ ನಮ್ಮ ಸರ್ಕಾರ ನೇಮಕಾತಿ ನಿಯಮ ತಿದ್ದಿ, ಎಲ್ಲ ವರ್ಗಗಳೊಳಗೂ ಅನ್ವಯವಾಗುವಂತೆ ಇವರಿಗೆ ಶೇಕಡ 1ರಷ್ಟು ಮೀಸಲಾತಿ ಕೊಟ್ಟಿತು, ದೇಶದಲ್ಲೇ ಮೊದಲು. ಇದಕ್ಕಾಗಿ ಸಂಗಮ, ಜೀವ ಮುಂತಾದ ಸಂಸ್ಥೆಗಳು ಹೈಕೋರ್ಟಿನಲ್ಲಿ ಹೋರಾಡಬೇಕಾಯಿತು. ನೇಮಕಾತಿ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವವರಿಗೆ ಬರೆದವರ ಮುಖ ಕಾಣುವುದಿಲ್ಲ. ಕೆಲಸಕ್ಕೆ ಸೇರಿದ ದಿನ ಕಾಣುತ್ತದೆ. ಯಾವ ಶೌಚಾಲಯ, ಯಾವ ಯೂನಿಫಾರ್ಮು, ಹಾಜರಿ ಪುಸ್ತಕದಲ್ಲಿ ಶ್ರೀಯೋ ಶ್ರೀಮತಿಯೋ ಎಂದು ಹೆಡ್‌ಕ್ಲರ್ಕು ಕಡತ ತೆರೆಯುತ್ತಾನೆ. ಕೌಂಟರಿನ ಆಚೆಗೆ ಪಹಣಿ ಪಡೆಯಲು ನಿಂತ ರೈತನಿಗೆ ಮಾತ್ರ ಪಹಣಿ ಸಿಕ್ಕರೆ ಸಾಕು.